ಬೀಟಿಗೆ ನೆಗೆಯುವ ಇಲಿ: ಪಿಕೋ-8ರಲ್ಲಿ ಹಳೇ ಕಾರ್ಟೂನ್ ಗೇಮ್ ಕಟ್ಟಿದ ಲಾಗ್

ಪಿಕೋ-8 ಎಂಬ ಗೇಮ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಮಾಡಿದ ಗೇಮ್ ಈಗ ಮೊದಲಿಂದ ಕೊನೆತನಕ ಓಡುತ್ತದೆ. ಒಂದು ಹಡಗು, ಎರಡು ಡೆಕ್, ಒಂದು ಇಲಿ, ಒಬ್ಬ ದಢೂತಿ ಕ್ಯಾಪ್ಟನ್. ಆಧಾರ ಡಿಸ್ನಿಯವರು ಮಾಡಿದ, ಮಿಕ್ಕಿ ಮೌಸ್ ಇರುವ 1928ರ ‘ಸ್ಟೀಮ್‌ಬೋಟ್ ವಿಲ್ಲಿ’ ಕಾರ್ಟೂನ್. ಆಡುವ ರೀತಿ ಎಂಬತ್ತರ ದಶಕದ ಪ್ಲಾಟ್‌ಫಾರ್ಮ್ ಗೇಮ್‌ಗಳದ್ದು: ಓಡು, ನೆಗೆ, ಪೀಪಾಯಿ ಮೇಲೆ ಪುಟಿ. ಕೋಡ್ ಇಲ್ಲಿ ಹಾಕುತ್ತಿಲ್ಲ. ಯಾವ ಸಂಖ್ಯೆ ಕೆಲಸ ಮಾಡಿತು, ಯಾವುದು ಕೈಕೊಟ್ಟಿತು ಅಂತ ಬರೆದಿಡುತ್ತಿದ್ದೇನೆ. ಇಂಥದ್ದೇ ಕಟ್ಟುತ್ತಾ ಕೂತವರಿಗೆ ಅಷ್ಟೇ ತಾನೇ ಬೇಕಾಗಿದ್ದು?

ಹಂತ 0: ಯಾವ ಕಾರ್ಟೂನ್

ಮೊದಲು ಕೈ ಹಾಕಿದ್ದು ‘ಡಕ್‌ಟೇಲ್ಸ್’ಗೆ. 1989ರಲ್ಲಿ ಕ್ಯಾಪ್‌ಕಾಮ್ ಮಾಡಿದ ಆ ಗೇಮ್‌ನಲ್ಲಿ ಮುದುಕ ಬಾತುಕೋಳಿ ಊರುಗೋಲನ್ನೇ ಸ್ಪ್ರಿಂಗ್ ಮಾಡಿಕೊಂಡು ಕುಪ್ಪಳಿಸುತ್ತದಲ್ಲ, ಅದೊಂದನ್ನು ನಾನೇ ಮಾಡಿ ನೋಡಬೇಕು ಅನ್ನೋ ಆಸೆ ಇತ್ತು. ಆದರೆ ಆ ಪಾತ್ರಗಳು ಇವತ್ತಿಗೂ ಡಿಸ್ನಿಯ ಆಸ್ತಿ. ಮಾಡಿದರೂ ಯಾರಿಗೂ ಕೊಡುವ ಹಾಗಿಲ್ಲ. ಅಲ್ಲಿಗೇ ನಿಲ್ಲಿಸಿದೆ.

‘ಸ್ಟೀಮ್‌ಬೋಟ್ ವಿಲ್ಲಿ’ಯ ಕಾಪಿರೈಟ್ ಅಮೆರಿಕದಲ್ಲಿ 2024ರ ಜನವರಿ 1ಕ್ಕೆ ಮುಗಿಯಿತು. ಆದರೆ ಅವತ್ತು ಮುಕ್ತವಾಗಿದ್ದು ಆ ಚಿತ್ರದಲ್ಲಿರುವ ರೂಪದ ಇಲಿ ಮಾತ್ರ: ಕಪ್ಪು-ಬಿಳುಪು, ಕಣ್ಣು ಅಂದರೆ ಎರಡು ಕಪ್ಪು ಬೊಟ್ಟು, ಕೈಗೆ ಗ್ಲೌಸ್ ಇಲ್ಲ. ಬಿಳಿ ಗ್ಲೌಸ್ ಬಂದಿದ್ದು 1929ರಲ್ಲಿ, ಬೇರೆ ಕಾರ್ಟೂನಿನಲ್ಲಿ. ಟ್ರೇಡ್‌ಮಾರ್ಕ್ ಅನ್ನೋದು ಇನ್ನೊಂದೇ ಕತೆ, ಅದು ಕಾಪಿರೈಟ್ ಜೊತೆ ಮುಗಿಯುವುದಿಲ್ಲ. ಅದಕ್ಕೇ ಗೇಮ್ ಹೆಸರಿನಲ್ಲಿ ಆ ಇಲಿಯ ಹೆಸರು ಇಟ್ಟಿಲ್ಲ, ಸುಮ್ನೆ ‘ಹಡಗಿನ ಇಲಿ’ ಅಂತ ಕರೆದಿದ್ದೇನೆ. ಬೇರೆ ಬೇರೆ ದೇಶದ ಕಾನೂನು ಬೇರೆ ಬೇರೆ. ಹೊರಗೆ ಹಾಕುವವರು ತಮ್ಮ ತಮ್ಮ ಕಡೆ ವಿಚಾರಿಸಿಕೊಳ್ಳಬೇಕು.

ಈ ಹಡಗು ಗೇಮ್ ಲೋಕಕ್ಕೆ ಹೊಸದೇನಲ್ಲ. 1994ರ ‘ಮಿಕ್ಕಿ ಮೇನಿಯಾ’ದ ಮೊದಲ ಹಂತವೇ ಇದು. ನನಗೆ ಬೇಕಾಗಿದ್ದು ಮಾತ್ರ ಬೇರೆ. ಈ ಕಾರ್ಟೂನಿನಲ್ಲಿ ಎಲ್ಲವೂ ತಾಳಕ್ಕೆ ನಡೆಯುತ್ತದೆ. ಆಡು ಹಾಡಿನ ಹಾಳೆಯನ್ನೇ ತಿಂದುಬಿಡುತ್ತದೆ, ಅದರ ಬಾಲ ತಿರುಗಿಸಿದರೆ ಬಾಯಿಂದ ಹಾಡು ಬರುತ್ತದೆ. ಹಸುವಿನ ಹಲ್ಲು ಬಡಿದರೆ ಜೈಲೋಫೋನ್ ಆಗುತ್ತದೆ. ಚಿತ್ರ ಬರೆಯುವ ಮೊದಲೇ ವಿಲ್‌ಫ್ರೆಡ್ ಜಾಕ್ಸನ್ ಎಂಬ ಅನಿಮೇಟರ್ ತಾಳ ಬಡಿಯುವ ಮೆಟ್ರೊನೋಮ್ ಇಟ್ಟುಕೊಂಡು, ಒಂದು ಬೀಟ್‌ಗೆ ಎಷ್ಟು ಫ್ರೇಮ್ ಅಂತ ಲೆಕ್ಕ ಹಾಕಿದ್ದರು. ಸೆಕೆಂಡಿಗೆ 24 ಫ್ರೇಮ್ ಓಡುವ ಫಿಲ್ಮ್‌ನಲ್ಲಿ ಬೀಟ್‌ಗೆ 12 ಫ್ರೇಮ್ ಇಟ್ಟರೆ ನಿಮಿಷಕ್ಕೆ 120 ಬೀಟ್. ಇದನ್ನೇ ಗೇಮ್‌ನ ಲೆಕ್ಕವಾಗಿ ಹಿಡಿದೆ. ತಾಳ ಬಿಟ್ಟುಹೋದರೆ ಉಳಿಯುವುದು ಬಣ್ಣ ಹೋದ ಇನ್ನೊಂದು ಇಲಿ ಗೇಮ್, ಅಷ್ಟೇ.

ಬಿಟ್ಟಿದ್ದೂ ಇದೆ. ಮೂಲದಲ್ಲಿ ಬೆಕ್ಕಿನ ಬಾಲ ಹಿಡಿದು ಗರಗರ ತಿರುಗಿಸುವುದು, ಹಂದಿಮರಿಗಳಿಂದ ಕಿರ್ರೋ ಅನ್ನಿಸುವುದು ಎಲ್ಲ ಇದೆ. ಮಕ್ಕಳ ಕೈಗೆ ಕೊಡುವ ಗೇಮ್‌ನಲ್ಲಿ ಬೇಡ ಅನ್ನಿಸಿತು.

ಹಂತ 1: ಸಾಮಾನು

ಪಿಕೋ-8 ಅನ್ನೋದು ನಿಜವಾದ ಯಂತ್ರ ಅಲ್ಲ, ಹಳೇ ಕನ್ಸೋಲ್ ಹೀಗಿದ್ದಿರಬಹುದು ಅಂತ ಕಲ್ಪಿಸಿ ಮಾಡಿದ ಸಾಫ್ಟ್‌ವೇರ್. ಪರದೆ 128×128 ಪಿಕ್ಸೆಲ್, ಬಣ್ಣ 16, ಒಟ್ಟಿಗೆ ನುಡಿಯುವ ಧ್ವನಿ (ಚಾನೆಲ್) ನಾಲ್ಕು, ಕೋಡ್‌ಗೆ 8192 ಟೋಕನ್ ಮಿತಿ. ಹೆಚ್ಚುಕಡಿಮೆ ಒಂದೊಂದು ಹೆಸರು, ಸಂಖ್ಯೆ, ಚಿಹ್ನೆಗೂ ಒಂದೊಂದು ಟೋಕನ್ ಖರ್ಚು. ಕೋಡ್, ಚಿತ್ರ, ಮ್ಯಾಪ್, ಸಂಗೀತ ಎಲ್ಲದರ ಎಡಿಟರ್ ಅದರೊಳಗೇ ಇದೆ. ಬೇರೆ ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ.

ಆಟ ನಡೆಯುವ ಜಾಗವನ್ನು 128×96ಕ್ಕೆ ಇಳಿಸಿದೆ. ಅದು ಸರಿಯಾಗಿ 4:3, ಹಳೇ ಸಿನಿಮಾ ಪರದೆಯ ಆಕಾರ. ಟೈಲ್, ಅಂದರೆ ಹಂತ ಕಟ್ಟುವ ಚೌಕ, 8×8 ಪಿಕ್ಸೆಲ್ ಆದ್ದರಿಂದ ಎತ್ತರ 12 ಸಾಲು. ಮೇಲೆ ಕೆಳಗೆ ಉಳಿದ 16-16 ಪಿಕ್ಸೆಲ್ ಕಪ್ಪು ಪಟ್ಟಿ. ಕೆಳಗಿನ ಪಟ್ಟಿ ಆಮೇಲೆ ಬಹಳ ಉಪಯೋಗಕ್ಕೆ ಬಂತು, ಹಂತ 4 ನೋಡಿ.

ಹಂತ 2: ಇಲಿ ಬಿಡಿಸಿದ್ದು

16×16ರಲ್ಲಿ ಇಲಿ ಬಿಡಿಸಿದೆ. ಓಡಿಸಿ ನೋಡಿದರೆ ಇಲಿಯೇ ಇಲ್ಲ. ಒಂದು ಚಡ್ಡಿ, ಒಂದು ಬಿಳಿ ಮುಖ, ಎರಡು ಬೂಟು ಡೆಕ್ ಮೇಲೆ ಓಡಾಡುತ್ತಿವೆ! ಪಿಕೋ-8ರಲ್ಲಿ ಬಣ್ಣ 0, ಅಂದರೆ ಕಪ್ಪು, ತಾನಾಗಿಯೇ ಪಾರದರ್ಶಕ. ಇಲಿಯ ಮೈಯೆಲ್ಲ ಕಪ್ಪು. ಕಪ್ಪಿನ ಪಾರದರ್ಶಕತೆ ತೆಗೆದು, ಗೇಮ್‌ನಲ್ಲಿ ಎಲ್ಲೂ ಬಳಸದ ಗುಲಾಬಿ, ಅಂದರೆ ಬಣ್ಣ 14ಕ್ಕೆ ಕೊಟ್ಟೆ. ಎರಡೇ ಸಾಲಿನ ಕೆಲಸ. ಆದರೆ ಅಷ್ಟರಲ್ಲಿ ಬಿಡಿಸಿಟ್ಟಿದ್ದ ಪುಟ್ಟ ಚಿತ್ರಗಳ, ಅಂದರೆ ಸ್ಪ್ರೈಟ್‌ಗಳ ಖಾಲಿ ಜಾಗಕ್ಕೆಲ್ಲ ಗುಲಾಬಿ ತುಂಬುತ್ತಾ ಕೂರಬೇಕಾಯಿತು. ಕಪ್ಪು ಪಾತ್ರ ಇರುವ ಗೇಮ್ ಮಾಡುವವರು ಇದನ್ನು ಮೊದಲೇ ಮಾಡಿಕೊಳ್ಳಿ.

ಇಲಿ ಕಾಣತೊಡಗಿತು, ಹಿಂದೆಯೇ ಇನ್ನೊಂದು ತೊಂದರೆ. ಎಂಜಿನ್ ಕೋಣೆಯ ಕಡುಬೂದು ಗೋಡೆ ಮುಂದೆ ಬಂದರೆ ಮತ್ತೆ ಮಾಯ. ಸುತ್ತ ಬಿಳಿ ಅಂಚು ಕೊಟ್ಟು ನೋಡಿದೆ. ಅದೇ ಸ್ಪ್ರೈಟನ್ನು ಪೂರ್ತಿ ಬಿಳಿ ಮಾಡಿ ನಾಲ್ಕು ಕಡೆಗೆ ಒಂದೊಂದು ಪಿಕ್ಸೆಲ್ ಸರಿಸಿ ಬರೆದು, ಅದರ ಮೇಲೆ ನಿಜವಾದದ್ದನ್ನು ಬರೆಯುವುದು. ಕೆಲಸ ಮಾಡಿತು, ಆದರೆ ಇಲಿ ಸ್ಟಿಕ್ಕರ್ ಅಂಟಿಸಿದ ಹಾಗೆ ಕಂಡಿತು. ಅದನ್ನು ಕಿತ್ತು ಒಂದು ನಿಯಮ ಮಾಡಿಕೊಂಡೆ. ಹಿನ್ನೆಲೆಗೆ ಬಿಳಿ ಮತ್ತು ತಿಳಿಬೂದು ಮಾತ್ರ. ಮುಟ್ಟಿದರೆ ಏನಾದರೂ ಆಗುವ ವಸ್ತುಗಳಿಗೆ ಮಾತ್ರ ಕಪ್ಪು. ನಿಲ್ಲಬಹುದಾದ ಹಲಗೆಗಳಿಗೆ ಕಡುಬೂದು. ನಾಲ್ಕೇ ಛಾಯೆಯಲ್ಲಿ ಯಾವುದು ನೆಲ, ಯಾವುದು ಸುಮ್ನೆ ಅಲಂಕಾರ ಅನ್ನುವುದು ತಕ್ಷಣ ಗೊತ್ತಾಗುತ್ತದೆ.

ಕಿವಿಗಳನ್ನು ಸ್ಪ್ರೈಟ್‌ನಿಂದ ತೆಗೆದು ಕೋಡ್‌ನಲ್ಲೇ ಎರಡು ಕಪ್ಪು ವೃತ್ತವಾಗಿ ಬರೆದೆ. ಇಲಿ ಯಾವ ಕಡೆ ತಿರುಗಿದರೂ ಅವು ಗುಂಡಗೇ ಕಾಣಬೇಕು, ಮೂಲದಲ್ಲೂ ಹಾಗೇ. ಜೊತೆಗೆ ಕಿವಿಯನ್ನು ತಲೆಗಿಂತ ಎರಡು ಫ್ರೇಮ್ ಹಿಂದೆ ಇಟ್ಟೆ. ಮೇಲೆ ನೆಗೆದಾಗ ಕಿವಿ ಸ್ವಲ್ಪ ತಡವಾಗಿ ಏರುತ್ತದೆ, ಇಳಿಯುವಾಗ ತಡವಾಗಿ ಇಳಿಯುತ್ತದೆ. ಕೈಕಾಲು ರಬ್ಬರ್ ಕೊಳವೆಯಂತೆ ಬಳುಕುವ ಆ ಕಾಲದ ಶೈಲಿ ಇಷ್ಟರಿಂದಲೇ ಅರ್ಧ ಬಂತು. ಕಾಲುಗಳೂ ಹಾಗೇ: ಸೊಂಟದಿಂದ ಬೂಟಿನವರೆಗೆ ಮೂರು ತುಂಡು ಗೆರೆ. ಸ್ಪ್ರೈಟ್ ಹಾಳೆಯಲ್ಲಿ ಎಷ್ಟೋ ಜಾಗ ಉಳಿಯಿತು.

ಹಂತ 3: ನೆಗೆತ

ಈ ಗೇಮ್‌ನ ಜೀವ ಇರುವುದು ಇಲ್ಲಿ. ಜಾಸ್ತಿ ಸಮಯ ತಿಂದಿದ್ದೂ ಇದೇ.

ಮೊದಲ ಪ್ರಯತ್ನ: ಕಾರ್ಟೂನಿನಲ್ಲಿ ಎಲ್ಲ ಬೀಟ್‌ಗೇ ಆಗುತ್ತದಲ್ಲ, ಇಲಿಯೂ ಬೀಟ್‌ಗೇ ನೆಗೆಯಲಿ ಅಂದುಕೊಂಡೆ. ಬಟನ್ ಒತ್ತಿದರೆ ಮುಂದಿನ ಬೀಟ್‌ವರೆಗೆ ಕಾದು ನೆಗೆಯುವ ಹಾಗೆ ಬರೆದೆ. 120 ಬೀಟ್ ಅಂದರೆ ಬೀಟ್‌ಗೆ ಅರ್ಧ ಸೆಕೆಂಡ್, ಸರಾಸರಿ ಕಾಯುವುದು ಕಾಲು ಸೆಕೆಂಡ್. ನೋಡಲು ಭಾರಿ ಚೆನ್ನಾಗಿತ್ತು. ಅಕ್ಕನ ಮಗಳ ಕೈಗೆ ಕೊಟ್ಟೆ. ಎರಡು ಸಲ ನೀರಿಗೆ ಬಿದ್ದು, “ಮಾಮ, ಈ ಬಟನ್ ಕೆಟ್ಟೋಗಿದೆ” ಅಂತ ವಾಪಸ್ ಕೊಟ್ಟಳು. ಬೀಟ್ ಬದಲು ಅದರ ಕಾಲುಭಾಗಕ್ಕೆ, ಅಂದರೆ ಒಂದು ನೋಟ್‌ಗೆ ಕಾಯುವಂತೆ ಮಾಡಿದೆ. ಕಾಯುವಿಕೆ ಒಂದು ಸೆಕೆಂಡಿನ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ ಇಲ್ಲ. ಆದರೂ ಬೆರಳಿಗೆ ಅಂಟಂಟು.

ಎರಡನೇ ಪ್ರಯತ್ನ: ನೆಗೆಯುವ ಮೊದಲು ಕುಗ್ಗುವುದು. ಅನಿಮೇಟರ್‌ಗಳು ಮಾಡುವುದು ಇದನ್ನೇ, ಪಾತ್ರ ಮೊದಲು ಕೆಳಗೆ ಕೂತು ಆಮೇಲೆ ಚಿಮ್ಮುತ್ತದೆ. ನಾಲ್ಕು ಫ್ರೇಮ್ ಕುಗ್ಗಿಸಿದೆ. ರೆಕಾರ್ಡ್ ಮಾಡಿ ನೋಡಿದರೆ ಥೇಟ್ ಕಾರ್ಟೂನ್. ಆಡಿದರೆ ಗುಂಡಿಯ ಅಂಚಿಗೆ ಬಂದು ಒತ್ತಿದಾಗ ಕುಗ್ಗುತ್ತಲೇ ಗುಂಡಿಗೆ ಜಾರುತ್ತದೆ. ಕೊನೆಗೆ ಕುಗ್ಗುವುದನ್ನು ಉಳಿಸಿಕೊಂಡು ಅದರ ಜಾಗ ಬದಲಿಸಿದೆ. ಬಟನ್ ಒತ್ತಿದ ಫ್ರೇಮ್‌ನಲ್ಲೇ ಇಲಿ ಮೇಲೇಳುತ್ತದೆ. ಮೊದಲ ಮೂರು ಫ್ರೇಮ್ ಏರುತ್ತಲೇ ಅಗಲ-ಗಿಡ್ಡ ಆಗಿರುತ್ತದೆ, ಆಮೇಲೆ ಉದ್ದವಾಗುತ್ತದೆ. ತರ್ಕಕ್ಕೆ ಇದು ತಪ್ಪು. ಕಣ್ಣು ಮಾತ್ರ ಒಪ್ಪಿಕೊಂಡುಬಿಡುತ್ತದೆ.

ತಾಳದ ಸಮಸ್ಯೆ ಹಾಗೇ ಉಳಿದಿತ್ತು. ಅದಕ್ಕೆ ದಾರಿ ಸಿಕ್ಕಿದ್ದು ನೆಗೆತದ ಅವಧಿಯಲ್ಲಿ. ನೆಗೆಯುವ ಹೊತ್ತನ್ನು ಆಟಗಾರನಿಗೇ ಬಿಟ್ಟು, ಗಾಳಿಯಲ್ಲಿರುವ ಅವಧಿಯನ್ನು ಸರಿಯಾಗಿ ಒಂದು ಬೀಟ್ ಮಾಡಿದರೆ? ಆಗ ಬೀಟ್ ಮೇಲೆ ನೆಗೆದವನು ಮುಂದಿನ ಬೀಟ್ ಮೇಲೇ ನೆಲ ಮುಟ್ಟುತ್ತಾನೆ. ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ, ಆದ್ದರಿಂದ ಬೀಟ್‌ಗೆ 30 ಫ್ರೇಮ್. ಗ್ರಾವಿಟಿ 0.17, ಏಳುವ ವೇಗ 2.55. ಎತ್ತರ ಸುಮಾರು 19 ಪಿಕ್ಸೆಲ್, ಎರಡು ಟೈಲ್ ದಾಟಲು ಸಾಕು.

ಓಡುವ ವೇಗವನ್ನೂ ಇದೇ ಲೆಕ್ಕಕ್ಕೆ ತಂದೆ. 32 ಪಿಕ್ಸೆಲ್ ಭಾಗಿಸು 30, ಅಂದರೆ ಫ್ರೇಮ್‌ಗೆ ಸುಮಾರು 1.07 ಪಿಕ್ಸೆಲ್. ಒಂದು ಬೀಟ್‌ಗೆ ನಾಲ್ಕು ಟೈಲ್. ಅಲ್ಲಿಂದ ಹಂತ ವಿನ್ಯಾಸ ಮಾಡುವುದು ಹಾಡು ಬರೆದಷ್ಟೇ ಸಲೀಸಾಯಿತು. ಪೀಪಾಯಿಗಳನ್ನು ನಾಲ್ಕು ಟೈಲ್ ಅಂತರದಲ್ಲಿ ಇಟ್ಟರೆ ಬೀಟ್‌ಗೆ ಒಂದು ಪೀಪಾಯಿ. ಮ್ಯಾಪ್ ಅಗಲ 128 ಟೈಲ್, ಅಂದರೆ 32 ಬೀಟ್, ನಿಲ್ಲದೆ ಓಡಿದರೆ 16 ಸೆಕೆಂಡ್. ಅದು ಸಾಲದು ಅಂತ ಮೇಲೊಂದು ಕೆಳಗೊಂದು ಡೆಕ್ ಮಾಡಿದೆ.

ಒಂದು ಸೂಕ್ಷ್ಮ. ಪ್ರತಿ ಫ್ರೇಮ್‌ನಲ್ಲಿ ಮೊದಲು ವೇಗಕ್ಕೆ ಗ್ರಾವಿಟಿ ಸೇರಿಸಿ ಆಮೇಲೆ ಜಾಗ ಬದಲಿಸಿದರೆ ನೆಗೆತ 29 ಫ್ರೇಮ್‌ಗೆ ಮುಗಿಯುತ್ತದೆ. ಮೊದಲು ಜಾಗ, ಆಮೇಲೆ ಗ್ರಾವಿಟಿ ಅಂದರೆ 31. ಅರ್ಧ ಗ್ರಾವಿಟಿ ಮೊದಲು, ಅರ್ಧ ಆಮೇಲೆ ಸೇರಿಸಿದರೆ 30. ಒಂದು ಫ್ರೇಮ್ ಏನು ಮಹಾ ಅನ್ನಿಸಬಹುದು. ಸಾಲಾಗಿ ಹತ್ತು ಪೀಪಾಯಿ ಮೇಲೆ ಪುಟಿದರೆ ಹತ್ತು ಫ್ರೇಮ್ ಜಾರುತ್ತದೆ. ಅಂದರೆ ಬೀಟ್‌ನ ಮೂರನೇ ಒಂದು ಭಾಗ! ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಎತ್ತರ ಬೇರೆ ಬೇರೆ ಇರುವ ಪೀಪಾಯಿಗಳು ಇನ್ನೂ ಕಾಟ ಕೊಟ್ಟವು. ಒಂದು ಟೈಲ್ ಮೇಲಿರುವ ಪೀಪಾಯಿಗೆ ಇಲಿ ಮೂರು-ನಾಲ್ಕು ಫ್ರೇಮ್ ಬೇಗ ತಲುಪುತ್ತದೆ. ಮೆಟ್ಟಿಲಿನಂತೆ ನಾಲ್ಕು ಪೀಪಾಯಿ ಇಟ್ಟರೆ ತಾಳ ಪೂರ್ತಿ ತಪ್ಪುತ್ತದೆ. ಇದಕ್ಕೆ ಮಾಡಿದ್ದು ಇಷ್ಟು: ಪುಟಿಯುವ ಕ್ಷಣದಲ್ಲಿ ಮುಂದಿನ ಬೀಟ್‌ಗೆ ಎಷ್ಟು ಫ್ರೇಮ್ ಬಾಕಿ ಅಂತ ನೋಡುವುದು, ಅದರ ಅರ್ಧಕ್ಕೆ 0.17 ಗುಣಿಸಿ ಏಳುವ ವೇಗ ಮಾಡುವುದು. 26ಕ್ಕಿಂತ ಕಡಿಮೆ, 34ಕ್ಕಿಂತ ಜಾಸ್ತಿ ಫ್ರೇಮ್‌ಗೆ ಹೋಗದಂತೆ ಕಟ್ಟು ಹಾಕಿದೆ. 26ರಲ್ಲಿ ಎತ್ತರ 14 ಪಿಕ್ಸೆಲ್ ಚಿಲ್ಲರೆ, ಆದ್ದರಿಂದ ಪೀಪಾಯಿ ಮೆಟ್ಟಿಲು ಒಂದು ಟೈಲ್‌ಗಿಂತ ಎತ್ತರ ಇರಬಾರದು. ಇದನ್ನು ಸೇರಿಸಿದ ಮೇಲೆ ಆಡಿದವರು ಯಾರೂ ಪುಟಿತದ ಎತ್ತರ ಬದಲಾಗುವುದನ್ನು ಗಮನಿಸಲಿಲ್ಲ. ಬಟನ್ ಒತ್ತಿ ನೆಗೆದಾಗ ನಾನು ಕೈ ಹಾಕಿದ್ದರೆ ಮೊದಲ ಸಲಕ್ಕೇ ಗೊತ್ತಾಗುತ್ತಿತ್ತು. ಆಟಗಾರ ಒತ್ತಿದ್ದು ಅವನದು, ಅದನ್ನು ಮುಟ್ಟಬಾರದು. ಅವನು ಒತ್ತದೆ ತಾನಾಗಿ ಆಗುವುದನ್ನು ಎಷ್ಟು ಬೇಕಾದರೂ ತಾಳಕ್ಕೆ ತಿದ್ದಬಹುದು. ಗೇಮ್‌ನ ಉಳಿದ ಎಲ್ಲವನ್ನೂ ಇದೇ ಅಳತೆಗೆ ಇಟ್ಟು ನೋಡಿದೆ.

‘ಡಕ್‌ಟೇಲ್ಸ್’ ಇಷ್ಟವಾಗಿದ್ದಕ್ಕೆ ಒಂದು ಸಣ್ಣ ಋಣ ತೀರಿಸಿದ್ದೇನೆ. ಅದರ ಹಿಮಾಲಯದ ಹಂತದಲ್ಲಿ ಹಿಮದ ಮೇಲೆ ಪುಟಿಯಲು ಹೋದರೆ ಬಾತುಕೋಳಿ ಹೂತುಹೋಗುತ್ತದೆ. ಇಲ್ಲಿ ಹಿಟ್ಟಿನ ಮೂಟೆ ಮೇಲೆ ಬಿದ್ದರೆ ಇಲಿ ಪುಟಿಯುವುದಿಲ್ಲ, ಒಂದು ಬೀಟ್ ಸಿಕ್ಕಿಕೊಳ್ಳುತ್ತದೆ.

ಹಂತ 4: ತಾಳ ಜಾರಿದ್ದು

ಸಂಗೀತ ಹಾಕಿ, ಬೀಟ್‌ಗೆ 30 ಫ್ರೇಮ್ ಎಣಿಸುವ ಕೌಂಟರ್ ಬರೆದೆ. ಮೊದಲ ಹತ್ತು ಸೆಕೆಂಡ್ ಎಲ್ಲ ಸರಿ. ಒಂದು ನಿಮಿಷಕ್ಕೆ ನೋಡಿದರೆ ಕ್ಯಾಪ್ಟನ್ ಸರಿಯಾಗಿ ಎರಡು ಬೀಟ್‌ಗಳ ಮಧ್ಯದಲ್ಲಿ ಕಾಲು ತಟ್ಟುತ್ತಿದ್ದಾನೆ.

ಕಾರಣ ಪಿಕೋ-8ರ ಸಂಗೀತದ ಗಡಿಯಾರ. ಅದರ ಒಂದು ಟಿಕ್ ಅಂದರೆ 183 ಸ್ಯಾಂಪಲ್ (ಧ್ವನಿಯ ಚೂರು), ಸೆಕೆಂಡಿಗೆ 22050 ಸ್ಯಾಂಪಲ್. ನನ್ನ ಹಾಡಿನ ಸ್ಪೀಡ್ 15, ಅಂದರೆ ನೋಟ್‌ಗೆ 15 ಟಿಕ್, ಬೀಟ್‌ಗೆ ನಾಲ್ಕು ನೋಟ್, ಒಟ್ಟು 60 ಟಿಕ್. ಲೆಕ್ಕ ಹಾಕಿದರೆ ಬೀಟ್ 0.498 ಸೆಕೆಂಡ್, ಅರ್ಧ ಸೆಕೆಂಡ್ ಅಲ್ಲ. ನೂರಿಪ್ಪತ್ತು ಬೀಟ್‌ಗೆ ಕಾಲು ಸೆಕೆಂಡ್ ವ್ಯತ್ಯಾಸ. ಅರ್ಧ ಬೀಟ್ ಜಾರಿದರೆ ಅದಕ್ಕಿಂತ ಕೆಟ್ಟದಾಗಿ ಜಾರಲು ಸಾಧ್ಯವೇ ಇಲ್ಲ.

ಆದ್ದರಿಂದ ಫ್ರೇಮ್ ಎಣಿಸುವುದು ಬಿಟ್ಟು, ಹಾಡು ಎಲ್ಲಿದೆ ಅಂತ ಸಂಗೀತವನ್ನೇ ಕೇಳಬೇಕು. ಅದಕ್ಕೆ ಸ್ಟ್ಯಾಟ್ ಎಂಬ ಫಂಕ್ಷನ್ ಇದೆ. ಮೊದಲು 20ನೇ ಸಂಖ್ಯೆ ಬಳಸಿದೆ, ಅದು ಮೊದಲ ಚಾನೆಲ್ ಎಷ್ಟನೇ ನೋಟ್‌ನಲ್ಲಿದೆ ಅಂತ ಹೇಳುತ್ತದೆ. ಉತ್ತರ ತಡವರಿಸಿ ತಡವರಿಸಿ ಬರುತ್ತಿತ್ತು, ಕ್ಯಾಪ್ಟನ್ ಕಾಲು ನಡುಗುತ್ತಿತ್ತು. 16ರಿಂದ 26ರವರೆಗಿನ ಹಳೇ ಸಂಖ್ಯೆಗಳ ಬದಲು 46ರಿಂದ 56ರವರೆಗಿನವು ಅದೇ ಮಾಹಿತಿಯನ್ನು ಹೆಚ್ಚು ನಿಖರವಾಗಿ ಕೊಡುತ್ತವೆ. 56 ಕೇಳಿದರೆ ಹಾಡಿನ ಈಗಿನ ತುಂಡಿನಲ್ಲಿ, ಅಂದರೆ ಪ್ಯಾಟರ್ನ್‌ನಲ್ಲಿ ಎಷ್ಟು ಟಿಕ್ ಆಗಿದೆ ಅಂತ ಬರುತ್ತದೆ. ಅದನ್ನು 60ರಿಂದ ಭಾಗಿಸಿದರೆ ಬೀಟ್. ಮುಗೀತು.

ಸರಿ ಹೋಗಿದೆಯೋ ಇಲ್ಲವೋ ಪರೀಕ್ಷಿಸುವ ಉಪಾಯ ಕಾರ್ಟೂನಿನ ಕತೆಯಲ್ಲೇ ಸಿಕ್ಕಿತು. 1928ರಲ್ಲಿ ಮೊದಲ ಸಲ ವಾದ್ಯಮೇಳ ಕೂರಿಸಿ ರೆಕಾರ್ಡ್ ಮಾಡಿದಾಗ ಚಿತ್ರಕ್ಕೂ ಸಂಗೀತಕ್ಕೂ ಹೊಂದಲಿಲ್ಲ. ಎರಡನೇ ಸಲಕ್ಕೆ ಫಿಲ್ಮ್ ಮೇಲೆ ಪುಟಿಯುವ ಚೆಂಡೊಂದನ್ನು ಮೂಡಿಸಿ, ಅದನ್ನು ನೋಡಿಕೊಂಡು ಮೇಳ ನಡೆಸುವಂತೆ ಮಾಡಿದರು. ನಾನೂ ಕೆಳಗಿನ ಕಪ್ಪು ಪಟ್ಟಿಯಲ್ಲಿ ಬಿಳಿ ಚೆಂಡು ಹಾಕಿದೆ. ಟಿಕ್ 0ಗೆ ನೆಲ ಮುಟ್ಟುತ್ತದೆ, 30ಕ್ಕೆ ತುದಿಯಲ್ಲಿರುತ್ತದೆ. ಯಾವ ಪಾತ್ರ ತಾಳ ತಪ್ಪಿದರೂ ಚೆಂಡಿನ ಪಕ್ಕದಲ್ಲಿ ಬಯಲಾಗುತ್ತದೆ. ಇದು ಬರೀ ಪರೀಕ್ಷೆಗೆ ಅಂತ ಹಾಕಿದ್ದು. ತೆಗೆಯಲು ಹೋದಾಗ ಅಕ್ಕನ ಮಗಳು ಬಿಡಲಿಲ್ಲ, “ಚೆಂಡು ನೋಡ್ಕೊಂಡೇ ನಾನು ಜಂಪ್ ಮಾಡೋದು ಮಾಮ” ಅಂದಳು. ಉಳಿಸಿದೆ.

ಇನ್ನೊಂದು ಎಡವಟ್ಟು: ನೆಗೆತ 30 ಫ್ರೇಮ್, ನಿಜವಾದ ಬೀಟ್ 29.88 ಫ್ರೇಮ್. ಈ ಚೂರು ವ್ಯತ್ಯಾಸವನ್ನು ಪುಟಿತದ ತಿದ್ದುಪಡಿಯೇ ನುಂಗಿಕೊಳ್ಳುತ್ತದೆ, ಯಾಕೆಂದರೆ ಅದು ಈಗ ಸಂಗೀತದ ಟಿಕ್ ನೋಡಿ ಲೆಕ್ಕ ಹಾಕುತ್ತದೆ. ಅದಕ್ಕೆ ಬೇರೆ ಕೆಲಸ ಮಾಡಲಿಲ್ಲ.

ಹಂತ 5: ಡಿಕ್ಕಿ, ಕ್ರೇನ್

ಇದು ಎಲ್ಲ ಪ್ಲಾಟ್‌ಫಾರ್ಮರ್‌ಗೂ ಇರುವ ಕೆಲಸ, ಚುಟುಕಾಗಿ ಬರೆಯುತ್ತೇನೆ. ಗಟ್ಟಿ ಟೈಲ್‌ಗಳಿಗೆ ಗುರುತಾಗಿ ಫ್ಲ್ಯಾಗ್ 0. ಡಿಕ್ಕಿ ನೋಡುವ ಪೆಟ್ಟಿಗೆ ಅಗಲ 10 ಪಿಕ್ಸೆಲ್, ಕಿವಿ ಲೆಕ್ಕಕ್ಕಿಲ್ಲ. ಕಿವಿ ಸೇರಿಸಿದಾಗ ಬಾಗಿಲ ಚೌಕಟ್ಟಿಗೆ ಸಿಕ್ಕಿ ಇಲಿ ನೇತಾಡುತ್ತಿತ್ತು. ಅಂಚಿನಿಂದ ಬಿದ್ದ ಮೇಲೂ 6 ಫ್ರೇಮ್ ಜಂಪ್ ಸಿಗುತ್ತದೆ. ನೆಲ ಮುಟ್ಟುವ 6 ಫ್ರೇಮ್ ಮೊದಲೇ ಒತ್ತಿದರೂ ನೆನಪಿಟ್ಟುಕೊಳ್ಳುತ್ತದೆ. ಈ ಎರಡು ಇಲ್ಲದೆ ಮಕ್ಕಳಿಗೆ ಗೇಮ್ ಕೊಡಲೇಬೇಡಿ.

ಹಸು ಎತ್ತುವ ಕ್ರೇನ್ ಮೇಲೆ ಇಲಿ ನಿಂತರೆ ಒಂದು ಪಿಕ್ಸೆಲ್ ಗಡಗಡ ನಡುಗುತ್ತಿತ್ತು. ಎರಡರ ಜಾಗದಲ್ಲೂ ದಶಮಾಂಶ ಇದೆ, ಬರೆಯುವಾಗ ಬೇರೆ ಬೇರೆಯಾಗಿ ಪೂರ್ಣ ಸಂಖ್ಯೆಗೆ ಇಳಿಯುತ್ತಿತ್ತು. ಕ್ರೇನ್ ಮೇಲಿರುವಷ್ಟು ಹೊತ್ತು ಇಲಿಯ ಜಾಗವನ್ನು ಕ್ರೇನ್‌ನಿಂದ ಎಷ್ಟು ದೂರ ಅಂತ ಮಾತ್ರ ಇಟ್ಟುಕೊಂಡೆ, ನಡುಕ ನಿಂತಿತು. ಮತ್ತೆ, ಕ್ರೇನನ್ನು ಇಲಿಗಿಂತ ಮೊದಲು ಅಪ್‌ಡೇಟ್ ಮಾಡಬೇಕು. ಹಿಂದುಮುಂದಾದರೆ ಕೆಳಗಿಳಿಯುವಾಗ ಇಲಿ ಗಾಳಿಯಲ್ಲಿ ಉಳಿಯುತ್ತದೆ.

ಹಂತ 6: ಹೊಟ್ಟೆ

ಹೃದಯದ ಚಿತ್ರ ಮೂರು ಹಾಕಿ ಜೀವ ತೋರಿಸುವುದು ಬೇಡವಾಗಿತ್ತು. ಕಾರ್ಟೂನಿನಲ್ಲೇ ಒಂದು ಜಾಗ ಇದೆ. ಕ್ಯಾಪ್ಟನ್ ಸಿಟ್ಟಿಗೆದ್ದು ಇಲಿಯ ಸೊಂಟ ಹಿಡಿದು ಎಳೆಯುತ್ತಾನೆ, ಹೊಟ್ಟೆ ರಬ್ಬರಿನಂತೆ ಜೋತುಬೀಳುತ್ತದೆ. ಇಲಿ ಅದನ್ನು ಸುರುಳಿ ಮಾಡಿ ಚಡ್ಡಿಯೊಳಗೆ ತುರುಕಿಕೊಂಡು ಕೆಲಸಕ್ಕೆ ಹೋಗುತ್ತದೆ. ಇದಕ್ಕಿಂತ ಚೆಂದದ ಹೆಲ್ತ್ ಬಾರ್ ಸಿಗುತ್ತದಾ?

ಪೆಟ್ಟು ಬಿದ್ದರೆ ಹೊಟ್ಟೆ ಜಗ್ಗುತ್ತದೆ. ಸ್ಪ್ರೈಟ್‌ನಲ್ಲಿ ಹೊಟ್ಟೆ ಇರುವ ನಾಲ್ಕು ಸಾಲು ಪಿಕ್ಸೆಲ್‌ಗಳನ್ನು ಮಾತ್ರ ಹತ್ತು ಸಾಲಿಗೆ ಹಿಗ್ಗಿಸಿ ಬರೆಯುತ್ತೇನೆ, ಹೊಸ ಚಿತ್ರ ಬೇಕಿಲ್ಲ. ಆ ಸ್ಥಿತಿಯಲ್ಲಿ ಏಳುವ ವೇಗ 2.04, ಎತ್ತರ 12 ಪಿಕ್ಸೆಲ್, ಅವಧಿ 24 ಫ್ರೇಮ್. ಅಂದರೆ ಎತ್ತರವೂ ಸಾಲದು, ತಾಳವೂ ತಪ್ಪುತ್ತದೆ. ಕೆಳಗಿನ ಬಾಣ ಒತ್ತಿ ಹಿಡಿದರೆ ಒಂದು ಬೀಟ್‌ನಲ್ಲಿ ತುರುಕಿಕೊಳ್ಳುತ್ತದೆ. ತುರುಕುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಸೀದಾ ಆಲೂಗಡ್ಡೆ ಕೋಣೆಗೆ. ಮೂಲದಲ್ಲೂ ಇಲಿಗೆ ಕೊನೆಗೆ ಸಿಗುವ ಶಿಕ್ಷೆ ಆಲೂಗಡ್ಡೆ ಸುಲಿಯುವುದೇ. ಇಲ್ಲಿ ಬೀಟ್‌ಗೊಂದರಂತೆ ಎಂಟು ಆಲೂಗಡ್ಡೆ ಸುಲಿದರೆ ಬಿಡುಗಡೆ. ಗಿಳಿ ಅಣಕಿಸುತ್ತಿರುತ್ತದೆ, ಅದಕ್ಕೆ ಗುರಿಯಿಟ್ಟು ಒಂದು ಎಸೆಯಲೂಬಹುದು. ಎಸೆದದ್ದು ಎಣಿಕೆಗೆ ಬರುವುದಿಲ್ಲ. ಆಡಿದ ಮಕ್ಕಳು ಬೇಕಂತಲೇ ಪೆಟ್ಟು ತಿಂದು ಇಲ್ಲಿಗೆ ಬರುತ್ತಾರೆ. ಇರಲಿ ಬಿಡಿ.

ಹಂತ 7: ಸದ್ದು

ಹಾಡುಗಳು ಎರಡು: ಶುರುವಿನಲ್ಲಿ ಇಲಿ ಸಿಳ್ಳೆ ಹಾಕುವ ‘ಸ್ಟೀಮ್‌ಬೋಟ್ ಬಿಲ್’, ಆಡಿನ ಬಾಲದಿಂದ ಬರುವ ‘ಟರ್ಕಿ ಇನ್ ದ ಸ್ಟ್ರಾ’. ಎರಡೂ ಚಿತ್ರಕ್ಕಿಂತ ಹಳೆಯವು. ರೆಕಾರ್ಡಿಂಗ್‌ನಿಂದ ಏನೂ ತೆಗೆದಿಲ್ಲ, ನೋಟ್ ನೋಟ್ ಆಗಿ ಕೂರಿಸಿದ್ದು.

ಚಾನೆಲ್ ನಾಲ್ಕೇ. ಹಾಡು, ಬೇಸ್, ಡ್ರಮ್ ಮೂರು ತಿಂದವು. ಮೊದಲು ಹಾಗೇ ಬಿಟ್ಟಾಗ, ಜಂಪ್ ಸದ್ದು ಬಂದಾಗಲೆಲ್ಲ ಬೇಸ್ ಕಟ್ ಆಗುತ್ತಿತ್ತು. ಸಂಗೀತ ಶುರು ಮಾಡುವಾಗ ಮೂರನೇ ಆರ್ಗ್ಯುಮೆಂಟ್ ಆಗಿ 7 ಕೊಟ್ಟರೆ ಮೊದಲ ಮೂರು ಚಾನೆಲ್ ಹಾಡಿಗೇ ಮೀಸಲು, ಉಳಿದೆಲ್ಲ ಸದ್ದು ನಾಲ್ಕನೆಯದರಲ್ಲಿ. ಒಟ್ಟಿಗೆ ಎರಡು ಸದ್ದು ಬಂದರೆ ಒಂದು ಬಲಿ. ಪೆಟ್ಟಿನ ಸದ್ದಿಗೆ ಮೊದಲ ಹಕ್ಕು, ಜಂಪ್‌ಗೆ ಕೊನೆಯದು.

ನೆಲ ಮುಟ್ಟುವ ‘ಟಣ್’ ಸದ್ದನ್ನು ತಾಳಕ್ಕೆ ತಿದ್ದಿದ್ದೇನೆ. ಅದು ತಾನಾಗಿ ಆಗುವುದಲ್ವಾ, ತಿದ್ದಬಹುದು. ಮುಂದಿನ ನೋಟ್‌ಗೆ ಕಾಯಿಸಿದಾಗ ಏಳೆಂಟು ಫ್ರೇಮ್ ತಡವಾಗಿ, ಇಲಿ ಬೇರೆ ಕೋಣೆಯಲ್ಲಿ ಬಿದ್ದಂತೆ ಕೇಳಿತು. ಈಗ ನೋಟ್‌ನ ಮೊದಲರ್ಧದಲ್ಲಿ ನೆಲ ಮುಟ್ಟಿದರೆ ತಕ್ಷಣ ನುಡಿಯುತ್ತದೆ, ಎರಡನೇ ಅರ್ಧದಲ್ಲಿ ಮುಟ್ಟಿದರೆ ಮಾತ್ರ ಮುಂದಿನ ನೋಟ್‌ಗೆ ಕಾಯುತ್ತದೆ. ತಡ ನಾಲ್ಕು ಫ್ರೇಮ್ ಮೀರುವುದಿಲ್ಲ. ಸ್ವರ ಆ ಕ್ಷಣದ ಬೇಸ್‌ಗೆ ಹೊಂದುವ ಮೂರು ಸ್ವರಗಳಲ್ಲಿ ಒಂದು. ಹಸುವಿನ ಹಲ್ಲುಗಳಿಗೂ ಇದೇ ಪಟ್ಟಿ. ಮೊದಲು ಹಲ್ಲಿಗೊಂದು ಖಾಯಂ ಸ್ವರ ಕೊಟ್ಟಿದ್ದೆ. ಮಕ್ಕಳು ಸಿಕ್ಕಾಪಟ್ಟೆ ಬಡಿದಾಗ ಕಿವಿ ಮುಚ್ಚಿಕೊಳ್ಳುವ ಹಾಗಿತ್ತು.

ಹಂತ 8: ಖರ್ಚಿನ ಲೆಕ್ಕ, ಬಾಕಿ ಕೆಲಸ

ಟೋಕನ್ ಸುಮಾರು 6,100 ಆಗಿದೆ. ಇಲಿಯ ಚಲನೆ ಮತ್ತು ಹೊಟ್ಟೆ ಸೇರಿ 1,300, ಕ್ಯಾಪ್ಟನ್ ಒಬ್ಬನೇ 900, ಆಲೂಗಡ್ಡೆ ಕೋಣೆ 400ರ ಹತ್ತಿರ. ಬೀಟ್ ಕೇಳಿ ಎಲ್ಲರಿಗೂ ಹಂಚುವ ಭಾಗ 60 ದಾಟಿಲ್ಲ. ಹಳೇ ಕಾರ್ಟೂನ್‌ಗಳ ಕೊನೆಯಲ್ಲಿ ವೃತ್ತ ಕಿರಿದಾಗುತ್ತಾ ಪರದೆ ಕಪ್ಪಾಗುತ್ತದಲ್ಲ, ಅದನ್ನು ಸಾಲಿಗೆರಡು ಕಪ್ಪು ಗೆರೆ ಎಳೆದು ಮಾಡಿದೆ. ಅಗ್ಗದಲ್ಲಿ ಮುಗಿಯಿತು. ಫಿಲ್ಮ್ ಗೀರು, ದೂಳಿನ ಚುಕ್ಕೆ ಹಾಕಿ ನೋಡಿ ತೆಗೆದೆ. 128 ಪಿಕ್ಸೆಲ್‌ನಲ್ಲಿ ದೂಳು ಯಾವುದು, ಕ್ಯಾಪ್ಟನ್ ಉಗಿದದ್ದು ಯಾವುದು ಗೊತ್ತಾಗಲ್ಲ.

ಬಾಕಿ ಇರುವ ದೊಡ್ಡ ತಲೆನೋವು ಬ್ರೌಸರ್. ಕಂಪ್ಯೂಟರ್‌ನಲ್ಲಿ ನೇರವಾಗಿ ಓಡಿಸಿದರೆ ಚೆಂಡು ಮತ್ತು ಹಾಡು ಒಟ್ಟಿಗೆ ಇರುತ್ತವೆ. ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಿದ ಪ್ರತಿಯಲ್ಲಿ ಹಾಡು ತಡವಾಗಿ ಕೇಳುತ್ತದೆ, ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ಇನ್ನೂ ತಡ. ಸ್ಟ್ಯಾಟ್ ಕೊಡುವ ಟಿಕ್‌ಗೆ ಇದು ಗೊತ್ತಿಲ್ಲ. ಶುರುವಿನಲ್ಲಿ ಇಲಿ ಹಡಗಿನ ಮೂರು ಸಿಳ್ಳೆ ಎಳೆಯುವ ಜಾಗವನ್ನೇ ಇದಕ್ಕೆ ಬಳಸಿಕೊಳ್ಳುತ್ತಿದ್ದೇನೆ. ಆಟಗಾರ ಹಾಡು ಕೇಳಿಕೊಂಡು ಬೀಟ್‌ಗೆ ಸರಿಯಾಗಿ ಸಿಳ್ಳೆ ಎಳೆಯಬೇಕು. ಅವನು ಒತ್ತಿದ ಟಿಕ್‌ಗೂ ಬೀಟ್‌ಗೂ ಇರುವ ಅಂತರದ ಸರಾಸರಿ ತೆಗೆದು, ಚೆಂಡು ಮತ್ತು ಪಾತ್ರಗಳ ಲೆಕ್ಕದಿಂದ ಅಷ್ಟು ಟಿಕ್ ಕಳೆಯುತ್ತೇನೆ. ಮೂರೇ ಸಲ ಒತ್ತಿಸಿದರೆ ಸರಾಸರಿ ಅಲ್ಲಾಡುತ್ತದೆ, ಎಂಟು ಸಿಳ್ಳೆ ಮಾಡಿದ ಮೇಲೆ ಪರವಾಗಿಲ್ಲ. ಮೂಲದಲ್ಲಿ ಮೂರೇ ಸಿಳ್ಳೆ ಇರುವುದು, ಆದರೂ ಎಂಟೇ ಇರಲಿ ಅಂತ ಬಿಟ್ಟಿದ್ದೇನೆ. ‘ಟಣ್’ ಸದ್ದಿಗೆ ಈ ಕಳೆಯುವಿಕೆ ಇನ್ನೂ ಹಾಕಿಲ್ಲ. ಅದನ್ನು ನಿಜವಾದ ಟಿಕ್‌ಗೇ ಬಿಡಬೇಕೋ, ತಿದ್ದಿದ ಟಿಕ್‌ಗೆ ಕೂರಿಸಬೇಕೋ ಅಂತ ಎರಡೂ ಪ್ರತಿ ಮಾಡಿಟ್ಟು ಆಡಿಸಿ ನೋಡುತ್ತಿದ್ದೇನೆ.